ಬೆಳ್ಳಕ್ಕಿಯ ಗರಿ ಮತ್ತು ಒಂದು ಹಳೇ ಕ್ಯಾಮೆರಾ

ಕೆರೆಯಂಚಲ್ಲಿ ಮೀನು ಹಿಡಿಯೋ ಬೆಳ್ಳಕ್ಕಿಯ ಫೋಟೋ ತೆಗೆಯದ ಹಕ್ಕಿಪ್ರೇಮಿ ಇರಲಿಕ್ಕಿಲ್ಲ. ಹಳದಿ ಪಾದದಿಂದ ಕೆಸರು ಕಲಕುತ್ತೆ, ಮೀನು ಗಾಬರಿಯಾಗಿ ಮೇಲೆ ಬರುತ್ತೆ, ಕೊಕ್ಕು ಈಟಿಯಂತೆ ಇಳಿಯುತ್ತೆ. ಬಿಸಿಲಲ್ಲಿ ಆ ಬಿಳಿ ಬಣ್ಣ ಬೆಳ್ಳಗೆ ಸುಟ್ಟುಹೋಗದಂತೆ ಎಕ್ಸ್‌ಪೋಶರ್ ಸ್ವಲ್ಪ ಇಳಿಸಬೇಕು. ಇದೆಲ್ಲ ನಮಗೆ ಗೊತ್ತಿರೋದೇ. ಆದರೆ ಈ ಹಕ್ಕಿ ಇವತ್ತಿಗೂ ನಮ್ಮ ಲೆನ್ಸಿನ ಮುಂದೆ ನಿಂತಿರೋದರಲ್ಲಿ ನೂರು ವರ್ಷ ಹಿಂದಿನ ಇನ್ನೊಂದು ಕ್ಯಾಮೆರಾದ ಪಾಲೂ ಇದೆ!

ಮರಿ ಮಾಡೋ ಕಾಲದಲ್ಲಿ ಬೆಳ್ಳಕ್ಕಿಯ ಬೆನ್ನ ಮೇಲೆ ನವಿರಾದ, ಜಾಲರಿಯಂಥ ಗರಿಗಳು ಮೂಡುತ್ತವೆ. 19ನೇ ಶತಮಾನದ ಕೊನೆಗೆ ಲಂಡನ್, ಪ್ಯಾರಿಸ್, ನ್ಯೂಯಾರ್ಕಿನ ಹೆಂಗಸರ ಟೋಪಿಗಳಿಗೆ ಇವೇ ಬೇಕಾಗಿದ್ದವು. 1903ರ ಹೊತ್ತಿಗೆ ಅಮೆರಿಕದಲ್ಲಿ ಬೇಟೆಗಾರರಿಗೆ ಔನ್ಸ್ ಗರಿಗೆ 32 ಡಾಲರ್ ಸಿಗುತ್ತಿತ್ತು. ಆಗ ಔನ್ಸ್ ಚಿನ್ನಕ್ಕೆ 20 ಡಾಲರ್ ಚಿಲ್ಲರೆ ಅಷ್ಟೆ! ಗರಿ ಬರೋದು ಗೂಡು ಕಟ್ಟೋ ಕಾಲದಲ್ಲೇ. ಹಾಗಾಗಿ ತಾಯ್ತಂದೆ ಗುಂಡಿಗೆ ಸತ್ತರೆ ಮರಿಗಳು ಹಸಿವಿಗೆ ಸಾಯುತ್ತಿದ್ದವು. ಫ್ಲಾರಿಡಾದಲ್ಲಿ ಹಕ್ಕಿ ಕಾಯುತ್ತಿದ್ದ ವಾರ್ಡನ್ ಗೈ ಬ್ರಾಡ್ಲಿಯನ್ನೇ 1905ರಲ್ಲಿ ಗುಂಡಿಕ್ಕಿ ಕೊಂದರು.

"ಗರಿಗಳು ಉದುರಿದವು, ಹೆಕ್ಕಿ ತಂದೆವು" ಅನ್ನೋದು ವ್ಯಾಪಾರಿಗಳ ವಾದ. ಇಲ್ಲ ಅಂತ ಹೇಳೋದು ಸುಲಭ, ತೋರಿಸೋದು ಹೇಗೆ?

ತೋರಿಸಿದ್ದು ಆಸ್ಟ್ರೇಲಿಯಾದ ಎ.ಎಚ್.ಇ. ಮ್ಯಾಟಿಂಗ್ಲಿ. ಮೆಲ್ಬರ್ನಿನ ಈ ಹಕ್ಕಿಪ್ರೇಮಿ 1906ರಲ್ಲಿ ನ್ಯೂ ಸೌತ್ ವೇಲ್ಸ್‌ನ ಮಥೌರಾ ಬಳಿಯ ಜೌಗಿನಲ್ಲಿ ಬೆಳ್ಳಕ್ಕಿಗಳ ಗೂಡುಗಳನ್ನು ಚಿತ್ರಿಸಿದರು. ಮರಿಗಳ ಫೋಟೋಗೆ ಅಂತ ಮತ್ತೆ ಹೋದಾಗ ಕಂಡಿದ್ದು ಗರಿ ಕಿತ್ತ ಹೆಣಗಳು, ಗೂಡಲ್ಲಿ ಬಾಯಿ ತೆರೆದು ಕಾಯುತ್ತಿದ್ದ ಅನಾಥ ಮರಿಗಳು. ಅವರು ಅದನ್ನೂ ಕ್ಲಿಕ್ಕಿಸಿದರು. 1907ರಲ್ಲಿ ಚಿತ್ರಗಳು 'ಎಮು' ಪತ್ರಿಕೆಯಲ್ಲಿ ಬಂದವು. ಅಲ್ಲಿಂದ ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಘದ ಕೈಗೆ. 1911ರಲ್ಲಿ ಆ ಚಿತ್ರಗಳ ಫಲಕ ಹೊತ್ತ ಆಳುಗಳು ಲಂಡನ್ನಿನ ಅಂಗಡಿ ಬೀದಿಗಳಲ್ಲೇ ಓಡಾಡಿದರು, ಟೋಪಿ ಕೊಳ್ಳೋರ ಕಣ್ಣೆದುರಿಗೇ.

ಒಂದು ಫೋಟೋದಿಂದಲೇ ಎಲ್ಲ ಆಯ್ತು ಅಂದರೆ ಉತ್ಪ್ರೇಕ್ಷೆ. ಆ ಸಂಘದ ಬೇರು 1889ರಲ್ಲಿ 'ಗರಿ ತೊಡೋದಿಲ್ಲ' ಅಂತ ಹಟ ಹಿಡಿದ ಹೆಂಗಸರದ್ದು. ಬ್ರಿಟಿಷ್ ಭಾರತ 1902ರಲ್ಲೇ ಹಕ್ಕಿ ಗರಿಗಳ ರಫ್ತು ನಿಷೇಧಿಸಿತ್ತು. ಆದರೂ ಕೊಳ್ಳೋ ಪೇಟೆ ತೆರೆದೇ ಇದ್ದಾಗ ಕಳ್ಳಸಾಗಣೆ ನಿಲ್ಲುತ್ಯೇ? ಬ್ರಿಟನ್ ಆಮದು ನಿಷೇಧದ ಕಾನೂನು ಮಾಡಿದ್ದು 1921ರಲ್ಲಿ. ಅಷ್ಟರಲ್ಲಿ ಫ್ಯಾಶನ್ನೂ ಬದಲಾಗಿತ್ತು.

ನಮ್ಮಲ್ಲಿ ಸಲೀಂ ಅಲಿಯವರ ಸಲಹೆಯಂತೆ ರಂಗನತಿಟ್ಟು ಪಕ್ಷಿಧಾಮವಾಗಿದ್ದು 1940ರಲ್ಲಿ. ಅಲ್ಲಿ ಬೆಳ್ಳಕ್ಕಿ ಇವತ್ತೂ ಗೂಡು ಕಟ್ಟುತ್ತೆ.

ಈಗ ಕೋವಿ ಇಲ್ಲ, ಕ್ಯಾಮೆರಾಗಳಿವೆ. ಆದರೆ ಗೂಡಿನ ಹತ್ತಿರ ನುಗ್ಗಿ ತಾಯಿಯನ್ನು ಎಬ್ಬಿಸಿದರೆ ಬಿಸಿಲಲ್ಲಿ ಒಣಗೋ ಮರಿಗೆ ಎರಡಕ್ಕೂ ವ್ಯತ್ಯಾಸ ತಿಳಿಯೋದಿಲ್ಲ. ಮೀನು ಹಿಡಿಯೋ ಹಕ್ಕಿ ಹಾಗಲ್ಲ. ದೂರದಲ್ಲಿ ಸುಮ್ಮನೆ ಕೂತರೆ ಅದೇ ನಮ್ಮತ್ತ ಬರುತ್ತೆ. ಒಳ್ಳೇ ಫೋಟೋ ಬೇಕಿದ್ದರೆ ಗೂಡು ಬಿಡಿ, ನೀರಂಚಲ್ಲಿ ಕಾಯಿರಿ.