ಆಯ: ಮುಗ್ಗಟ್ಟಿನ ಕಾಲದ ಧಾನ್ಯದ ಹಣ

ಕೈಯಲ್ಲಿ ಕಾಸು ಓಡಾಡದ ದಿನಗಳಲ್ಲೂ ಹಳೆಯ ಮೈಸೂರಿನ ಹಳ್ಳಿಗಳ ಕೊಡುಕೊಳ್ಳುವಿಕೆಯನ್ನು ನಡೆಸಿದ ಧಾನ್ಯದ ಸಂದಾಯ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯೂ ಈ ಪದ್ಧತಿಯ ನೆಲವೇ.

ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ತೋಟಿ, ನೀರಗಂಟಿ ಮೊದಲಾದವರು ಆಯಗಾರರು. ರೂಢಿಯ ಲೆಕ್ಕದಲ್ಲಿ ಹನ್ನೆರಡು ಮಂದಿ. ನೇಗಿಲಿನ ಗುಳ ತಟ್ಟಿಸಿದ್ದಕ್ಕೆ, ಬಟ್ಟೆ ಒಗೆಸಿದ್ದಕ್ಕೆ ಅಂದಂದೇ ಕಾಸಿಲ್ಲ. ವರ್ಷದ ಬಾಕಿಯೆಲ್ಲ ಸುಗ್ಗಿಯ ಕಣದಲ್ಲಿ ತೀರಬೇಕು. ರಾಶಿಪೂಜೆ ಮುಗಿಸಿ ಕೊಳಗ ಹಿಡಿದವನು ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎಂದೇ ಎಣಿಕೆ ಶುರು ಮಾಡುತ್ತಿದ್ದ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಆದರೆ ಕೊಳಗದ ಗಾತ್ರ ಊರಿಂದೂರಿಗೆ ಬೇರೆಯಾದ್ದರಿಂದ ಅಳತೆಯ ಲೆಕ್ಕ ಊರಾಚೆ ನಿಲ್ಲುತ್ತಿರಲಿಲ್ಲ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಣದ ರಾಶಿಯಲ್ಲಿ ಯಾರ್ಯಾರಿಗೆ ಎಷ್ಟೆಷ್ಟು ಪಾಲೆಂಬುದನ್ನು ಬರೆದಿಟ್ಟಿದ್ದಾನೆ.

1929ರ ನಂತರದ ಮಹಾಕುಸಿತದಲ್ಲಿ ಧಾನ್ಯದ ಪೇಟೆ ಬೆಲೆ ನೆಲಕಚ್ಚಿತು. ಆಯವಾಗಿ ಬಂದ ಕೊಳಗ ರಾಗಿ ಮಾತ್ರ ಹಿಂದಿನಷ್ಟೇ ಮುದ್ದೆಯಾಗುತ್ತಿತ್ತು. ತೊಡಕೆಲ್ಲ ಕಂದಾಯದ್ದು. ಹತ್ತೊಂಬತ್ತನೆಯ ಶತಮಾನದಲ್ಲೇ ಬಟಾಯಿ, ಅಂದರೆ ಬೆಳೆಯಲ್ಲೇ ಪಾಲು ಕೊಡುವ ಪದ್ಧತಿ, ಹೋಗಿ ನಗದು ಕಂದಾಯ ನೆಲೆಯೂರಿತ್ತು; ತಾಲ್ಲೂಕು ಕಚೇರಿಗೆ ರೂಪಾಯಿಯೇ ಆಗಬೇಕು. ಆ ರೂಪಾಯಿಗಾಗಿ ರೈತ ಮೊದಲಿಗಿಂತ ಹೆಚ್ಚು ರಾಗಿ ಮಾರಬೇಕಾಯಿತು. ಅದೇ ಕುಸಿತದಲ್ಲಿ ಆಸ್ಟ್ರಿಯದ ವೊರ್ಗ್ಲ್ ಪಟ್ಟಣ 1932ರ ಬೇಸಿಗೆಯಲ್ಲಿ ಹೊರಡಿಸಿದ ಚೀಟಿ ಹಣ ಚಲಾವಣೆಯಾದದ್ದು ಈ ತೊಡಕನ್ನು ದಾಟಿದ್ದರಿಂದಲೇ: ಪುರಸಭೆ ತನ್ನ ತೆರಿಗೆಗೂ ಅದನ್ನೇ ಒಪ್ಪಿಕೊಂಡಿತು. ಕೂಡಿಟ್ಟರೆ ತಿಂಗಳಿಗೆ ನೂರಕ್ಕೆ 1ರಂತೆ ಮುದ್ರೆ ಅಂಟಿಸಬೇಕಾದ್ದರಿಂದ ಚೀಟಿಯನ್ನು ಇಟ್ಟುಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. 1933ರಲ್ಲಿ ಆ ದೇಶದ ಕೇಂದ್ರ ಬ್ಯಾಂಕು ಅದನ್ನು ನಿಲ್ಲಿಸಿತು.

ಎರಡನೆಯ ಮಹಾಯುದ್ಧದ ಚಿಲ್ಲರೆ ಬರ ಬೇರೆ ಬಗೆಯದು. ಲೋಹ ಉಳಿಸಲು ಭಾರತ ಸರ್ಕಾರ 1943ರಲ್ಲಿ ತೂತುಕಾಸು ತಂದಿತು; ಕಾಠಿಯಾವಾಡದ ಕೆಲವು ಸಂಸ್ಥಾನಗಳು ರಟ್ಟಿನ ಕೂಪನ್ನುಗಳನ್ನೇ ಚಿಲ್ಲರೆಯಾಗಿ ಹಂಚಿದವು.

ಆಯವನ್ನು ಹಳ್ಳಿಯ ಒಗ್ಗಟ್ಟಿನ ಗುರುತೆಂದು ಹೊಗಳುವವರುಂಟು. ಕೊಳಗ ಹಿಡಿದವನು ಭೂಮಾಲೀಕನ ಕಡೆಯವನು, ಕೈಯೊಡ್ಡಿ ನಿಂತವನು ಜಾತಿಯಿಂದ ಕಸುಬಿಗೆ ಕಟ್ಟುಬಿದ್ದವನು ಎಂಬುದನ್ನು ಆ ಹೊಗಳಿಕೆ ಮರೆಸುತ್ತದೆ. ಆಳಿಗೆ ಆಳು ಕೊಟ್ಟು ತೀರಿಸುವ ಮುಯ್ಯಾಳು ಪದ್ಧತಿ ಇದಕ್ಕಿಂತ ಸಮಾನವಾದದ್ದು, ಆದರೆ ಹೊಲವಿದ್ದವರಿಗೆ ಮಾತ್ರ. ಪಟೇಲ, ಶ್ಯಾನುಭೋಗ ಮೊದಲಾದ ವಂಶಪಾರಂಪರ್ಯ ಹುದ್ದೆಗಳನ್ನು 1961ರ ಕಾಯ್ದೆ ರದ್ದುಮಾಡಿತು. ಕುಶಲಕರ್ಮಿಗಳ ಆಯಕ್ಕೆ ಕಾಯ್ದೆ ಬೇಕಾಗಲಿಲ್ಲ. ಕಾರ್ಖಾನೆಯ ಪಾತ್ರೆ, ಟ್ರ್ಯಾಕ್ಟರು, ನಗದು ಕೂಲಿಗಳೇ ಅದನ್ನು ಸವೆಸಿದವು.