ಬೆಂಗಳೂರಿನ 'ಅಮೃತ್': ಕನ್ನಡ ನೆಲದ ಸಿಂಗಲ್ ಮಾಲ್ಟ್

ಶಹಾಡ್, ಕಲ್ಯಾಣ, ಡೊಂಬಿವಲಿ ಪರಿಸರದ ಮನೆಗಳಿಗೆ ವಿದೇಶದಿಂದ ಬರುವ ನೆಂಟರು ಸ್ಕಾಚ್ ವಿಸ್ಕಿಯ ಬಾಟಲಿ ತರುವುದು ಹಳೆಯ ರೂಢಿ. ಆದರೆ ನಮ್ಮ ಬೆಂಗಳೂರಿನಲ್ಲೇ ತಯಾರಾದ ಮಾಲ್ಟ್ ವಿಸ್ಕಿಯೊಂದು ಸ್ಕಾಟ್ಲೆಂಡಿಗೇ ಹೋಗಿ ಮನ್ನಣೆ ಗಳಿಸಿದ ಸಂಗತಿಯನ್ನು ನಮ್ಮಲ್ಲಿ ಅನೇಕರು ಅರಿತಿಲ್ಲ. ಕರ್ನಾಟಕದ ಉದ್ಯಮ ಚರಿತ್ರೆಯ ಒಂದು ಅಧ್ಯಾಯವೆಂದು ಭಾವಿಸಿ ಅದನ್ನು ಇಲ್ಲಿ ಪರಿಚಯಿಸುತ್ತಿದ್ದೇವೆ.

ಸ್ಥಾಪನೆ

ಅಮೃತ್ ಡಿಸ್ಟಿಲರೀಸ್ ಸಂಸ್ಥೆಯನ್ನು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದವರು ರಾಧಾಕೃಷ್ಣ ಜಗದಾಳೆಯವರು. 1976ರಲ್ಲಿ ಅವರು ತೀರಿಕೊಂಡ ಬಳಿಕ ಪುತ್ರ ನೀಲಕಂಠ ರಾವ್ ಜಗದಾಳೆಯವರು ಹೊಣೆ ಹೊತ್ತರು. ಭಟ್ಟಿಯಿರುವುದು ಮೈಸೂರು ರಸ್ತೆಯ ಬಳಿಯ ಕಂಬಿಪುರದಲ್ಲಿ. ಭಾರತದಲ್ಲಿ ಮಾರಾಟವಾಗುವ ವಿಸ್ಕಿಯಲ್ಲಿ ಬಹುಪಾಲಿಗೆ ಕಬ್ಬಿನ ಕಾಕಂಬಿಯ ಮದ್ಯಸಾರವೇ ಆಧಾರ. ಯುರೋಪಿನಲ್ಲಿ ಅದನ್ನು ವಿಸ್ಕಿಯೆಂದು ಕರೆಯಲು ಕಾನೂನು ಒಪ್ಪುವುದಿಲ್ಲ. ಆದುದರಿಂದ ಕೇವಲ ಧಾನ್ಯದ ಮಾಲ್ಟ್‌ನಿಂದ ಮಾಡಿದ ವಿಸ್ಕಿಯನ್ನು ಹೊರದೇಶಕ್ಕೆ ಒಯ್ಯುವುದು ದೊಡ್ಡ ಸಾಹಸವೇ ಆಗಿತ್ತು.

ತಯಾರಿಕೆ

ಮಕ್ಕಳಿಗಾಗಿ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಮಾಲ್ಟ್ ಮಾಡುವ ಕ್ರಮ ನಮ್ಮ ತಾಯಂದಿರಿಗೆ ತಿಳಿದದ್ದೇ. ಇಲ್ಲಿ ರಾಗಿಯ ಬದಲು ಜವೆಗೋಧಿ, ಅಂದರೆ ಬಾರ್ಲಿ. ಮೊಳಕೆಯಿಂದ ಧಾನ್ಯದ ಪಿಷ್ಟ ಸಕ್ಕರೆಯಾಗಲು ಅಣಿಯಾಗುತ್ತದೆ. ಮಾಲ್ಟನ್ನು ಬಿಸಿನೀರಿನಲ್ಲಿ ಕದಡಿ ಸಿಹಿರಸ ತೆಗೆದು, ಯೀಸ್ಟ್ ಬೆರೆಸಿ ಹುಳಿಯಿಸಿ, ತಾಮ್ರದ ಹಂಡೆಗಳಲ್ಲಿ ಎರಡು ಬಾರಿ ಭಟ್ಟಿಯಿಳಿಸುತ್ತಾರೆ. ಅನಂತರ ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಹದಗೊಳ್ಳಲು ಬಿಡುತ್ತಾರೆ. ಒಂದೇ ಭಟ್ಟಿಯ ಮಾಲ್ಟ್ ಆದಾಗ ಅದಕ್ಕೆ 'ಸಿಂಗಲ್ ಮಾಲ್ಟ್' ಎಂದು ಹೆಸರು. ಆದರೂ ಇದು ಸ್ಕಾಚ್ ಅಲ್ಲ. ಆ ಹೆಸರು ಸ್ಕಾಟ್ಲೆಂಡಿನಲ್ಲೇ ತಯಾರಾಗಿ, ಕನಿಷ್ಠ 3 ವರ್ಷ ಅಲ್ಲಿಯೇ ಪೀಪಾಯಿಯಲ್ಲಿದ್ದ ವಿಸ್ಕಿಗೆ ಮಾತ್ರ ಸಲ್ಲುತ್ತದೆ.

ಬಿಸಿಲಿನ ಲಾಭ, ಬಿಸಿಲಿನ ನಷ್ಟ

ಪೀಪಾಯಿಯಿಂದ ಆವಿಯಾಗಿ ಹೋಗುವ ಅಂಶವನ್ನು ಸ್ಕಾಟರು 'ದೇವದೂತರ ಪಾಲು' ಎನ್ನುತ್ತಾರೆ. ಅಲ್ಲಿಯ ಚಳಿಯಲ್ಲಿ ಅದು ವರ್ಷಕ್ಕೆ ಶೇ. 2ರಷ್ಟು, ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಲ್ಲಿ ಶೇ. 10ರಿಂದ 12. ಈ ಲೆಕ್ಕದಲ್ಲಿ ನೂರು ಲೀಟರ್ 5 ವರ್ಷದ ಬಳಿಕ ಅಲ್ಲಿ ಸುಮಾರು 90 ಲೀಟರ್ ಉಳಿದರೆ, ಇಲ್ಲಿ ಉಳಿಯುವುದು ಸುಮಾರು 56 ಮಾತ್ರ. ಆದರೆ ಅದೇ ಬಿಸಿಲು ಮರದ ಸತ್ವವನ್ನು ಬೇಗನೆ ಹೀರಿಸುವುದರಿಂದ ನಾಲ್ಕೈದು ವರ್ಷಗಳಲ್ಲೇ ವಿಸ್ಕಿ ಪಕ್ವವಾಗುತ್ತದೆ. ವಯಸ್ಸೊಂದೇ ಗುಣದ ಅಳತೆಯಲ್ಲವೆಂಬುದನ್ನು ಅಮೃತ್ ತೋರಿಸಿಕೊಟ್ಟಿತು. 2013ರಲ್ಲಿ 8 ವರ್ಷದ ವಿಸ್ಕಿಯೊಂದನ್ನು ಹೊರತಂದಾಗ ಅದಕ್ಕೆ 'ಗ್ರೀಡಿ ಏಂಜಲ್ಸ್', ಅಂದರೆ ದುರಾಸೆಯ ದೇವದೂತರು, ಎಂದು ಸಂಸ್ಥೆ ವಿನೋದವಾಗಿ ಹೆಸರಿಟ್ಟಿತು.

ಮನ್ನಣೆ

ಇಂಗ್ಲೆಂಡಿನಲ್ಲಿ ಓದುತ್ತಿದ್ದ ನೀಲಕಂಠರ ಪುತ್ರ ರಕ್ಷಿತ್ ಅಲ್ಲಿಯ ಮಾರುಕಟ್ಟೆಯನ್ನು ಅಭ್ಯಸಿಸಿದರು. 2004ರ ಆಗಸ್ಟಿನಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಗ್ಲಾಸ್ಗೋ ನಗರದಲ್ಲಿ ಬಿಡುಗಡೆಯಾಯಿತು. ಸ್ಕಾಟರಿಗೆ ವಿಸ್ಕಿ ಮಾರಲು ಹೊರಟ ಭಾರತೀಯರನ್ನು ನಂಬುವವರು ಮೊದಮೊದಲು ವಿರಳ. 2009ರಲ್ಲಿ ಬಂದ 'ಫ್ಯೂಷನ್' ಈ ಸ್ಥಿತಿಯನ್ನು ಬದಲಿಸಿತು. ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ವಿಸ್ಕಿ ಬೈಬಲ್‌ನಲ್ಲಿ ಅದಕ್ಕೆ 97 ಅಂಕ ನೀಡಿ ಜಗತ್ತಿನ ಮೂರನೆಯ ಸ್ಥಾನದಲ್ಲಿಟ್ಟರು. ಬೆಂಗಳೂರಿನ ಮಾರುಕಟ್ಟೆಗೆ ಅಮೃತ್ ಮಾಲ್ಟ್ ಬಂದುದು 2010ರಲ್ಲಿ. ತವರಿಗಿಂತ ಮೊದಲು ಪರದೇಶವೇ ಅದನ್ನು ಗುರುತಿಸಿತ್ತು! ನೀಲಕಂಠ ಜಗದಾಳೆಯವರು 2019ರ ಮೇ ತಿಂಗಳಲ್ಲಿ ನಿಧನ ಹೊಂದಿದರು.

ರುಚಿ

ಮೂಲ ಸಿಂಗಲ್ ಮಾಲ್ಟ್‌ನಲ್ಲಿ (ಶೇ. 46 ಮದ್ಯಸಾರ) ಜೇನು, ಕಿತ್ತಳೆ ಸಿಪ್ಪೆ ಮತ್ತು ಮಸಾಲೆಯ ಛಾಯೆ ಇದೆ. ಶೇ. 50ರ ಫ್ಯೂಷನ್ ಎರಡು ನೆಲಗಳ ಸಂಗಮ: ಮುಕ್ಕಾಲು ಪಾಲು ಭಾರತದ ಬಾರ್ಲಿ, ಕಾಲು ಪಾಲು ಸ್ಕಾಟ್ಲೆಂಡಿನ ಪೀಟ್ ಹೊಗೆಯಲ್ಲಿ ಒಣಗಿದ ಬಾರ್ಲಿ. ಕಾಯಿಸಿದ ಬೆಲ್ಲ, ಕಾಫಿ, ಕಪ್ಪು ಚಾಕೊಲೇಟುಗಳ ಹಿಂದೆ ಸೌದೆಯೊಲೆಯನ್ನು ನೆನಪಿಸುವ ತೆಳುಹೊಗೆ ಇದರ ವೈಶಿಷ್ಟ್ಯ. 'ಪೀಟೆಡ್' ಬಗೆಯಲ್ಲಿ ಆ ಹೊಗೆಯೇ ಮುಂದಾಗುತ್ತದೆ.

ಕುಡಿತದಿಂದ ನೊಂದ ಸಂಸಾರಗಳು ನಮ್ಮ ನಡುವೆಯೂ ಇವೆ. ಈ ಬರಹ ಯಾರಿಗೂ ಕುಡಿಯಲು ನೀಡಿದ ಆಹ್ವಾನವಲ್ಲ. ಮಹಾರಾಷ್ಟ್ರದಲ್ಲಿ ಇಂಥ ಮದ್ಯ ಸೇವನೆಗೆ 25 ವರ್ಷ ತುಂಬಿರಬೇಕು, ಪರವಾನಗಿಯೂ ಬೇಕು. ಆದರೆ ಅನನುಕೂಲವೆಂದು ತೋರಿದ ಊರಿನ ಹವೆಯನ್ನೇ ಬಂಡವಾಳವಾಗಿಸಿಕೊಂಡ ಈ ಉದ್ಯಮದ ಛಲವನ್ನು, ಬಾಟಲಿಯನ್ನು ಮುಟ್ಟದವರೂ ಮೆಚ್ಚಬಹುದೆಂದು ನಾವು ನಂಬಿದ್ದೇವೆ.