ಗಿಲ್ಬರ್ಟ್ ಹಿಲ್: ಅಂಧೇರಿಯ ಪುರಾತನ ಶಿಲಾಸ್ತಂಭ

ಸ್ವಿಟ್ಜರ್ಲೆಂಡಿನ ಆಲ್ಪ್ಸ್ ತಪ್ಪಲಿನ ಹಳ್ಳಿಗಳು ತಮ್ಮ ಬೆಟ್ಟ, ಹಿಮನದಿ, ಮರದ ಮನೆಗಳನ್ನು ಜತನದಿಂದ ಕಾಪಾಡಿಕೊಂಡು, ಅವನ್ನು ನೋಡಬರುವ ಪ್ರವಾಸಿಗರಿಂದಲೇ ಬಾಳುತ್ತಿವೆ. ರಜೆಯಲ್ಲಿ ಅಲ್ಲಿಗೆ ಹೋಗಿಬರುವ ನಮ್ಮವರೂ ಕಡಿಮೆಯೇನಿಲ್ಲ. ಆದರೆ ಆ ಪರ್ವತಗಳು ಇಂದಿನ ಎತ್ತರಕ್ಕೆ ಏರುವ ಮೊದಲೇ ಹುಟ್ಟಿದ ಬಂಡೆಯೊಂದು ಅಂಧೇರಿ ಪಶ್ಚಿಮದಲ್ಲಿದೆ ಎಂಬುದು ಇಲ್ಲಿ ತಲೆಮಾರುಗಳಿಂದ ನೆಲೆಸಿದ ಅನೇಕರಿಗೆ ತಿಳಿಯದು.

ಸುಮಾರು 61 ಮೀಟರ್ (200 ಅಡಿ) ಎತ್ತರದ ಈ ಕಪ್ಪು ಬಸಾಲ್ಟ್ ಶಿಲೆಯ ವಯಸ್ಸು ಅಂದಾಜು 6.6 ಕೋಟಿ ವರ್ಷ. ದಖ್ಖನ್ ಪ್ರಸ್ಥಭೂಮಿಯನ್ನು ರೂಪಿಸಿದ ಜ್ವಾಲಾಮುಖಿಗಳ ಕಾಲದ್ದು. ಶಿಲಾರಸವು ನಿಧಾನವಾಗಿ ತಣಿದು ಕುಗ್ಗುವಾಗ ಉದ್ದಕ್ಕೂ ಬಿರುಕುಬಿಟ್ಟು, ಒಂದಕ್ಕೊಂದು ಅಂಟಿ ನಿಂತ ಬಹುಭುಜ ಕಂಬಗಳಾಗುತ್ತದೆ. ಅಮೆರಿಕದ ವಯೋಮಿಂಗ್ ಪ್ರಾಂತದ ಡೆವಿಲ್ಸ್ ಟವರ್ ಇಂಥದೇ ಕಂಬಗಳ ಬೆಟ್ಟ. ಅದನ್ನು 1906ರಲ್ಲಿಯೇ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು.

ಉಡುಪಿ ಕಡೆಯವರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಮಲ್ಪೆಯಿಂದ ದೋಣಿಯಲ್ಲಿ ತಲುಪುವ ಸೈಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳೂ ಹೀಗೆಯೇ ಮೂಡಿದವು. ಅವು ಇನ್ನೂ ಹಳೆಯವು, ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲಕ್ಕೆ ಸೇರಿದವು. ಅವುಗಳಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮನ್ನಣೆಯಿದೆ, ಸುತ್ತಲೂ ಸಮುದ್ರದ ಕಾವಲೂ ಇದೆ.

ಗಿಲ್ಬರ್ಟ್ ಹಿಲ್‌ಗೆ ಆ ಭಾಗ್ಯವಿಲ್ಲ. ಸುತ್ತಲಿನ ಶಿಲೆಯನ್ನು ಕಲ್ಲುಗಣಿಗಾರಿಕೆ ನುಂಗಿತು. ಉಳಿದ ಜಾಗವನ್ನು ಗುಡಿಸಲು, ಕಟ್ಟಡಗಳು ಆವರಿಸಿದವು. ಭೂವಿಜ್ಞಾನಿಗಳ ಬಹುಕಾಲದ ಒತ್ತಾಯದ ನಂತರ 2007ರಲ್ಲಿ ಮುಂಬಯಿ ಮಹಾನಗರಪಾಲಿಕೆ ಇದಕ್ಕೆ ಎರಡನೇ ದರ್ಜೆಯ ಪಾರಂಪರಿಕ ಸ್ಥಾನ ನೀಡಿತು. ಕಂಬಗಳ ನಡುವಿನ ಬಿರುಕುಗಳಲ್ಲಿ ಮಳೆನೀರು ಇಳಿದು ಶಿಲೆ ಸಡಿಲಗೊಳ್ಳುವುದು ಪ್ರಕೃತಿಸಹಜ. ಆದರೆ ಬುಡದವರೆಗೂ ಮನೆಗಳು ಬಂದಿರುವಾಗ ಅದು ಕೆಳಗಿನವರ ಪ್ರಾಣದ ಪ್ರಶ್ನೆಯೂ ಹೌದು.

ನೆತ್ತಿಯಲ್ಲಿ ಗಾಂವ್‌ದೇವಿ, ದುರ್ಗಾಮಾತೆಯರ ಗುಡಿಗಳಿವೆ. ಬಂಡೆಯಲ್ಲಿಯೇ ಕೊರೆದ ಕಡಿದಾದ ಮೆಟ್ಟಿಲುಗಳು ಅಲ್ಲಿಗೆ ಒಯ್ಯುತ್ತವೆ. ಮೇಲಿನಿಂದ ಉಪನಗರದ ವಿಸ್ತಾರವೆಲ್ಲ ಕಣ್ಣಿಗೆ ಬೀಳುತ್ತದೆ. ಕಂಬಗಳ ರಚನೆಯನ್ನು ಕಾಣಲು ಮಾತ್ರ ಕೆಳಗೇ ನಿಂತು ತಲೆಯೆತ್ತಬೇಕು.

ಅರ್ಧ ದಿನ ಬಿಡುವಿದ್ದವರು ಅಂಧೇರಿ ಪೂರ್ವದ ಮಹಾಕಾಳಿ (ಕೊಂಡಿವಿಟೆ) ಬೌದ್ಧ ಗುಹೆಗಳನ್ನೂ, ಆರನೆಯ ಶತಮಾನದ ಜೋಗೇಶ್ವರಿ ಗುಹಾದೇವಾಲಯವನ್ನೂ ಸೇರಿಸಿಕೊಳ್ಳಬಹುದು. ಕೊಂಡಿವಿಟೆಯ ಒಂಬತ್ತನೆಯ ಗುಹೆಯಲ್ಲಿ ಸ್ತೂಪವನ್ನು ಗುಂಡನೆಯ ಗುಡಿಸಲಿನಾಕಾರದ ಕಲ್ಲಿನ ಕೋಣೆಯೊಂದು ಬಳಸಿದೆ. ಅದನ್ನು ತಪ್ಪದೆ ನೋಡಬೇಕು. ಗಿಲ್ಬರ್ಟ್ ಹಿಲ್‌ಗೆ ಅಂಧೇರಿ ರೈಲು ನಿಲ್ದಾಣದ ಪಶ್ಚಿಮ ಭಾಗದಿಂದ ರಿಕ್ಷಾ ಹಿಡಿದರಾಯಿತು. ಮಳೆಗಾಲದಲ್ಲಿ ಮೆಟ್ಟಿಲು ಜಾರುವುದರಿಂದ ಹಿರಿಯರು, ಮಕ್ಕಳೊಡನೆ ಹೋಗುವವರು ಚಳಿಗಾಲದ ಬೆಳಗನ್ನು ಆರಿಸಿಕೊಳ್ಳುವುದು ಲೇಸು.